ಆರು ಪೆಸೋಗೆ ನಾಲ್ಕು ಹೊತ್ತಿನ ಊಟ

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ನಾನು ಓದಿದ್ದು ಇಂಜಿನಿಯರಿಂಗ್. ನಮ್ಮ ಲ್ಯಾಬ್‌ನಲ್ಲಿದ್ದ ಮೀಟರುಗಳೆಲ್ಲ ಅಜ್ಜನ ಕಾಲದವು. ಎಷ್ಟು ಸಲ ಪ್ರಯೋಗ ಮಾಡಿದರೂ ಪುಸ್ತಕದಲ್ಲಿರೋ ಉತ್ತರ ಬರ್ತಾನೇ ಇರಲಿಲ್ಲ. ಆಗ ನಾವು ಮೊದಲು ಉತ್ತರ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಅದಕ್ಕೆ ಹೊಂದೋ ಹಾಗೆ ರೀಡಿಂಗ್ ತುಂಬಿಸ್ತಿದ್ವಿ. ರೆಕಾರ್ಡ್ ಬುಕ್ ಚೆಂದ ಕಾಣ್ತಿತ್ತು. ಮಾರ್ಕ್ಸೂ ಬರ್ತಿತ್ತು. ಇದರಿಂದ ಯಾರಿಗೂ ನಷ್ಟ ಇಲ್ಲ ಅಂದುಕೊಂಡಿದ್ದೆ.

ಇದೇ ಕೆಲಸವನ್ನು ಒಂದು ದೇಶದ ಸರ್ಕಾರವೇ ಮಾಡಿದರೆ ಏನಾಗುತ್ತೆ? ಒಂದಲ್ಲ, ಎರಡಲ್ಲ, ಸುಮಾರು ಒಂಬತ್ತು ವರ್ಷ! ಆ ದೇಶ ಅರ್ಜೆಂಟೀನಾ. ಮರಡೋನಾ, ಮೆಸ್ಸಿ ಹುಟ್ಟಿದ ನಾಡು. ಫುಟ್‌ಬಾಲ್ ಕಥೆ ನಿಮಗೆಲ್ಲ ಗೊತ್ತು. ಇದು ಬೆಲೆ ಏರಿಕೆಯ ಕಥೆ.

ಅರ್ಜೆಂಟೀನಾದವರಿಗೆ ಹಣದುಬ್ಬರ ಅಂದರೆ ಪೇಪರಿನಲ್ಲಿ ಓದೋ ಸುದ್ದಿಯಲ್ಲ. 1989ರಲ್ಲಿ ಅಲ್ಲಿ ಒಂದೇ ವರ್ಷದಲ್ಲಿ ಬೆಲೆಗಳು 3,000 ಪರ್ಸೆಂಟ್‌ಗಿಂತ ಹೆಚ್ಚು ಏರಿದ್ದವು. ಬೆಳಗ್ಗೆ ಇದ್ದ ರೇಟು ಸಂಜೆಗೆ ಇರ್ತಿರಲಿಲ್ಲ. 2001ರ ಕೊನೆಗೆ ದೇಶ ಸಾಲ ತೀರಿಸೋಕಾಗದೆ ಕೈಚೆಲ್ಲಿತು. ಅಂಥ ದೇಶದಲ್ಲಿ ಜನರಿಗೆ ಬೆಲೆ ಎಷ್ಟು ಏರಿತು ಅಂತ ನಿಜ ಹೇಳೋ ಒಂದು ಸಂಸ್ಥೆ ಬೇಕೇ ಬೇಕಲ್ಲವೇ? ಇತ್ತು. ಅದರ ಹೆಸರು ಇಂಡೆಕ್, ರಾಷ್ಟ್ರೀಯ ಅಂಕಿಅಂಶ ಸಂಸ್ಥೆ.

ಈ ಸಂಸ್ಥೆ ಮಾಡೋ ಕೆಲಸ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ಸಾವಿರಾರು ಮನೆಗಳಿಗೆ ಹೋಗಿ ಸಮೀಕ್ಷೆ ಮಾಡ್ತಾರೆ. ನೂರು ರೂಪಾಯಿ ಖರ್ಚಿನಲ್ಲಿ ಅಕ್ಕಿಗೆಷ್ಟು, ಬಾಡಿಗೆಗೆಷ್ಟು, ಬಸ್ಸಿಗೆಷ್ಟು, ಸ್ಕೂಲ್ ಫೀಸಿಗೆಷ್ಟು? ಅದರಿಂದ ಒಂದು ಬುಟ್ಟಿ ತಯಾರಾಗುತ್ತೆ. ಆಮೇಲೆ ಸಿಬ್ಬಂದಿ ಮತ್ತೆ ಮತ್ತೆ ಅದೇ ಅಂಗಡಿಗಳಿಗೆ ಹೋಗಿ, ಅದೇ ವಸ್ತುಗಳ ಬೆಲೆ ಬರೆದುಕೊಂಡು ಬರ್ತಾರೆ. ಬುಟ್ಟಿಯ ಒಟ್ಟು ಬೆಲೆ ಎಷ್ಟು ಏರಿತೋ ಅದೇ ಹಣದುಬ್ಬರ. ಯಾವ ಅಂಗಡಿ ಅನ್ನೋದು ಗುಟ್ಟಾಗಿರುತ್ತೆ. ಗೊತ್ತಾದರೆ ಆ ಅಂಗಡಿಯವನ ಮೇಲೆ ಒತ್ತಡ ಹಾಕಿ ಅಷ್ಟು ವಸ್ತುಗಳ ಬೆಲೆ ಮಾತ್ರ ತಗ್ಗಿಸಬಹುದಲ್ಲ!

ಗ್ರಾಸಿಯೆಲಾ ಬೆವಾಕ್ವಾ ಅನ್ನೋ ಮಹಿಳೆ ಇಂಡೆಕ್‌ನಲ್ಲಿ ಬೆಲೆ ಸೂಚ್ಯಂಕ ವಿಭಾಗದ ಮುಖ್ಯಸ್ಥೆ. ದೇಶದ ಒಳವ್ಯಾಪಾರದ ಉಸ್ತುವಾರಿ ಹೊತ್ತಿದ್ದ ಅಧಿಕಾರಸ್ಥ ಗಿಯೆರ್ಮೊ ಮೊರೆನೊ. ಆ ಅಂಗಡಿಗಳ ಪಟ್ಟಿ ಕೊಡಿ ಅಂತ ಕೇಳಿದ್ದು ಇದೇ ಮೊರೆನೊ. ಬೆವಾಕ್ವಾ ಕೊಡಲಿಲ್ಲ. ಅದು ಕಾನೂನಿನ ಪ್ರಕಾರ ಗುಟ್ಟು. ಆಕೆ ಆಮೇಲೆ ಹೇಳಿಕೊಂಡ ಪ್ರಕಾರ ಇನ್ನೊಂದು ಬೇಡಿಕೆಯೂ ಬಂದಿತ್ತು: ದಶಾಂಶ ಬಿಟ್ಟುಬಿಡಿ. ಅಂದರೆ 1.9 ಬಂದರೆ 1 ಅಂತ ಬರೆಯಿರಿ. ಕೇಳೋಕೆ ಸಣ್ಣ ವಿಷಯ. ಆದರೆ ತಿಂಗಳಿಗೆ 1.9 ಅಂದರೆ ವರ್ಷಕ್ಕೆ ಸುಮಾರು 25 ಪರ್ಸೆಂಟ್. ತಿಂಗಳಿಗೆ 1 ಅಂದರೆ ವರ್ಷಕ್ಕೆ ಬರೀ 12.7. ದಶಾಂಶದ ಚುಕ್ಕಿಯ ಹಿಂದೆ ಅರ್ಧ ಹಣದುಬ್ಬರ ಮಾಯ!

2007ರ ಜನವರಿ ಕೊನೆಯಲ್ಲಿ ಬೆವಾಕ್ವಾ ಅವರನ್ನು ಆ ಹುದ್ದೆಯಿಂದ ಕಿತ್ತುಹಾಕಿದರು. ಅದು ಚುನಾವಣೆಯ ವರ್ಷ. ಅಧ್ಯಕ್ಷ ನೆಸ್ಟರ್ ಕಿರ್ಚ್ನರ್. ಅಕ್ಟೋಬರ್‌ನಲ್ಲಿ ಅವರ ಪತ್ನಿ ಕ್ರಿಸ್ಟಿನಾ ಗೆದ್ದು ಅಧ್ಯಕ್ಷೆಯಾದರು. ಇಂಡೆಕ್‌ನ ಸಿಬ್ಬಂದಿ ಪ್ರತಿಭಟನೆ ಮಾಡಿದರು, ಕೈ ಕೈ ಹಿಡಿದು ತಮ್ಮ ಕಚೇರಿಯನ್ನು ಸುತ್ತುವರಿದು ನಿಂತರು. ಅಂಕಿ ಉಳಿಸಿ ಅಂತ ನೌಕರರು ಬೀದಿಗಿಳಿದ ಘಟನೆ ಪ್ರಪಂಚದಲ್ಲಿ ಅಪರೂಪ.

ಸರ್ಕಾರಕ್ಕೆ ಇದರಿಂದ ಏನು ಲಾಭ? ಹೆಸರು ಒಂದು. ದುಡ್ಡು ಇನ್ನೊಂದು. ಅರ್ಜೆಂಟೀನಾ ಮಾರಿದ್ದ ಸಾಲಪತ್ರಗಳಲ್ಲಿ ಒಂದು ಭಾಗಕ್ಕೆ ಹಣದುಬ್ಬರದ ಲೆಕ್ಕದಲ್ಲೇ ಹಣ ಕೊಡಬೇಕಿತ್ತು. ಅಂಕಿ ಕಮ್ಮಿಯಾದರೆ ಕೊಡೋದೂ ಕಮ್ಮಿ. ಆ ಪತ್ರಗಳನ್ನು ಇಟ್ಟುಕೊಂಡವರಲ್ಲಿ ಅದೇ ದೇಶದ ಜನರ ಪಿಂಚಣಿ ನಿಧಿಗಳೂ ಇದ್ದವು. ಅಂದರೆ ಹೋಗಿದ್ದು ಬರೀ ವಿದೇಶಿ ಸಾಹುಕಾರರ ದುಡ್ಡಲ್ಲ.

ಈಗ ಕಥೆಗೆ ಇನ್ನೊಬ್ಬ ಬರ್ತಾನೆ. ಆಲ್ಬರ್ಟೊ ಕವಾಲ್ಲೊ. ಅರ್ಜೆಂಟೀನಾದ ಹುಡುಗ. ಅಪ್ಪ ಡೊಮಿಂಗೊ ಕವಾಲ್ಲೊ, ಹಿಂದೆ ಅದೇ ದೇಶದ ಅರ್ಥ ಸಚಿವರಾಗಿದ್ದವರು. ಮಗ ಆಗ ಅಮೆರಿಕದ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದ. ಬೆಲೆ ತಿಳಿಯೋಕೆ ಬ್ಯೂನಸ್ ಐರಿಸ್‌ಗೇ ಹೋಗಬೇಕಾ? ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಆ ಹೊತ್ತಿಗಾಗಲೇ ಇಂಟರ್ನೆಟ್‌ನಲ್ಲಿ ಸಾಮಾನು ಮಾರ್ತಿದ್ದವು. ಹಾಲು, ಎಣ್ಣೆ, ಮಾಂಸ, ಸೋಪು, ಎಲ್ಲದರ ಬೆಲೆ ಬಹಿರಂಗವಾಗಿ ಪುಟದ ಮೇಲೇ ಇತ್ತು.

ನಮ್ಮಂಥ ಇಂಜಿನಿಯರುಗಳಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ, ನಿಮಗೂ ಹೇಳ್ತೀನಿ. ವೆಬ್ ಪುಟದ ಹಿಂದೆ ಒಂದು ಕೋಡ್ ಇರುತ್ತೆ. ಅದರಲ್ಲಿ ಬೆಲೆಯ ಹಿಂದೆ ಮುಂದೆ ಪ್ರತಿ ಸಲವೂ ಅದೇ ಗುರುತು. ಆ ಗುರುತು ಹುಡುಕಿ, ಮಧ್ಯದಲ್ಲಿರೋ ಸಂಖ್ಯೆ ಎತ್ತಿಕೋ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದರೆ ಸಾಕು. ಅದು ದಿನಾ ಸುಸ್ತಿಲ್ಲದೆ ಅದೇ ವಸ್ತುಗಳ ಬೆಲೆ ತಂದುಹಾಕುತ್ತೆ. ಮುಖ್ಯವಾದ ವಿಷಯ ಏನಪ್ಪಾ ಅಂದರೆ, ಆ ಪ್ರೋಗ್ರಾಂಗೆ ಯಾವ ಅಧಿಕಾರಿಯೂ ಫೋನ್ ಮಾಡೋಕಾಗಲ್ಲ.

2007ರ ಅಕ್ಟೋಬರ್‌ನಿಂದ ಸಂಗ್ರಹಿಸಿದ ಬೆಲೆಗಳನ್ನು ಇಟ್ಟುಕೊಂಡು, 2008ರಲ್ಲಿ ಕವಾಲ್ಲೊ ನಿಜ ಹಣದುಬ್ಬರ ಅನ್ನೋ ಅರ್ಥದ ಹೆಸರಿನಲ್ಲಿ ತನ್ನ ಸೂಚ್ಯಂಕ ಪ್ರಕಟಿಸೋಕೆ ಶುರು ಮಾಡಿದ. 2011ರ ಮಾರ್ಚ್‌ವರೆಗಿನ ಲೆಕ್ಕ ಕೇಳಿ. ಸರ್ಕಾರ ಹೇಳಿದ್ದು ವರ್ಷಕ್ಕೆ ಸರಾಸರಿ 8 ಪರ್ಸೆಂಟ್. ಆನ್‌ಲೈನ್ ಬೆಲೆಗಳು ಹೇಳಿದ್ದು 20 ಪರ್ಸೆಂಟ್‌ಗೂ ಹೆಚ್ಚು. ನಾನೇ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಈ ಮೂರೂವರೆ ವರ್ಷದಲ್ಲಿ 100 ಪೆಸೋ ಬುಟ್ಟಿ ಸರ್ಕಾರದ ಪ್ರಕಾರ 131 ಆಗಬೇಕು. 20 ಪರ್ಸೆಂಟ್ ಪ್ರಕಾರ 189. ಮಧ್ಯದ 58 ಪೆಸೋ ಎಲ್ಲಿಂದ ಬಂತು? ಮನೆ ನಡೆಸೋ ಹೆಣ್ಣುಮಗಳ ಪರ್ಸಿನಿಂದ!

ಆನ್‌ಲೈನ್ ಲೆಕ್ಕವೇ ತಪ್ಪಿದ್ದರೆ? ಒಳ್ಳೆಯ ಪ್ರಶ್ನೆ. ಕವಾಲ್ಲೊ ಅದಕ್ಕೂ ಉತ್ತರ ಇಟ್ಟಿದ್ದ. ಅದೇ ವಿಧಾನವನ್ನು ಬ್ರೆಜಿಲ್, ಚಿಲಿ, ಕೊಲಂಬಿಯಾ, ವೆನೆಜುವೆಲಾಗಳಿಗೂ ಹಚ್ಚಿ ನೋಡಿದ. ನಾಲ್ಕೂ ಕಡೆ ಅವನ ಲೆಕ್ಕ ಸರ್ಕಾರಿ ಲೆಕ್ಕದ ಹತ್ತಿರಹತ್ತಿರವೇ ಬಂತು. ಅರ್ಜೆಂಟೀನಾದಲ್ಲಿ ಮಾತ್ರ ಹೊಂದಲಿಲ್ಲ. ಒಂದೇ ತಕ್ಕಡಿ ನಾಲ್ಕು ಅಂಗಡಿಯಲ್ಲಿ ಸರಿಯಾಗಿ ತೂಗಿ ಐದನೆಯದರಲ್ಲಿ ಮಾತ್ರ ವ್ಯತ್ಯಾಸ ತೋರಿಸಿದರೆ, ತಕ್ಕಡಿ ಮೇಲೆ ಅನುಮಾನ ಪಡ್ತೀರಾ, ಐದನೇ ಅಂಗಡಿಯವನ ಮೇಲಾ?

ದೇಶದೊಳಗೆ ಪ್ರಶ್ನೆ ಕೇಳಿದವರಿಗೆ ದಂಡ ಬಿತ್ತು. 2011ರಲ್ಲಿ ಸ್ವಂತವಾಗಿ ಹಣದುಬ್ಬರ ಲೆಕ್ಕ ಹಾಕ್ತಿದ್ದ ಖಾಸಗಿ ಸಲಹೆಗಾರರಿಗೆ ತಲಾ 5 ಲಕ್ಷ ಪೆಸೋ. ದಂಡ ಬಿದ್ದವರ ಪಟ್ಟಿಯಲ್ಲಿ ಬೆವಾಕ್ವಾ ಹೆಸರೂ ಇತ್ತು. ಆಗ ವಿರೋಧ ಪಕ್ಷದ ಸಂಸದರು ಒಂದು ದಾರಿ ಹುಡುಕಿದರು. ಸಂಸದರ ಮೇಲೆ ದಂಡ ಹಾಕೋಕಾಗಲ್ಲವಲ್ಲ! ಸಲಹೆಗಾರರು ತಮ್ಮ ಅಂಕಿಗಳನ್ನು ಗುಟ್ಟಾಗಿ ಅವರಿಗೆ ಕೊಡೋದು, ಸಂಸದರು ಸರಾಸರಿ ತೆಗೆದು ತಿಂಗಳಿಗೊಮ್ಮೆ ಓದೋದು. ಹಾಲಿನ ಬೆಲೆ ಎಷ್ಟು ಏರಿತು ಅಂತ ಹೇಳೋಕೆ ಸಂಸದರ ರಕ್ಷಾಕವಚ ಬೇಕಾಯಿತು.

2012ರ ಫೆಬ್ರವರಿಯಲ್ಲಿ ದಿ ಎಕನಾಮಿಸ್ಟ್ ಪತ್ರಿಕೆ ಇಂಡೆಕ್‌ನ ಅಂಕಿ ಇನ್ನು ಛಾಪಿಸಲ್ಲ ಅಂತ ಘೋಷಿಸಿತು. ಅದೇ ವರ್ಷ ಇಂಡೆಕ್ ಲೆಕ್ಕದಿಂದ ಒಂದು ವಿಚಿತ್ರ ಹೊರಬಿತ್ತು: ಒಬ್ಬ ಮನುಷ್ಯ ದಿನಕ್ಕೆ ಸುಮಾರು 6 ಪೆಸೋದಲ್ಲಿ ನಾಲ್ಕು ಹೊತ್ತು ತಿನ್ನಬಹುದು! ಅಲ್ಲಿನ ಜನ ನಕ್ಕರು, ಆಮೇಲೆ ಸಿಟ್ಟಾದರು. ನಮಗೂ ಇದು ಹೊಸದಲ್ಲ. 2011ರಲ್ಲಿ ನಮ್ಮ ಯೋಜನಾ ಆಯೋಗ ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವವನು ಬಡವನಲ್ಲ ಅಂತ ಸುಪ್ರೀಂ ಕೋರ್ಟ್‌ಗೆ ಹೇಳಿದ್ದು ನೆನಪಿದೆಯಾ?

ಇಲ್ಲೇ ನೋಡಿ ವಿಷಯದ ತಿರುಳು. ಆಹಾರದ ಬೆಲೆ ಕಡಿಮೆ ತೋರಿಸಿದರೆ ಬಡತನದ ಗೆರೆ ಕೆಳಗಿಳಿಯುತ್ತೆ. ಗೆರೆ ಇಳಿದರೆ ಬಡವರ ಸಂಖ್ಯೆ ಇಳಿಯುತ್ತೆ. 2013ರ ಮೊದಲಾರ್ಧದಲ್ಲಿ ಬಡವರು 4.7 ಪರ್ಸೆಂಟ್ ಮಾತ್ರ ಅಂದಿತು ಇಂಡೆಕ್. ಆಮೇಲೆ ಬಡತನದ ಅಂಕಿ ಕೊಡೋದನ್ನೇ ನಿಲ್ಲಿಸಿತು. 2015ರ ಕೊನೆಗೆ ಸರ್ಕಾರ ಬದಲಾಯಿತು, ಬೆವಾಕ್ವಾ ಕೆಲಕಾಲ ವಾಪಸ್ ಬಂದರು, ಇಂಡೆಕ್ ಹೊಸ ಸೂಚ್ಯಂಕ ಕಟ್ಟಿತು. 2016ರಲ್ಲಿ ಮತ್ತೆ ಎಣಿಸಿದಾಗ ಬಡವರು ಎಷ್ಟು ಗೊತ್ತಾ? 32.2 ಪರ್ಸೆಂಟ್. ಮೂವರಲ್ಲಿ ಒಬ್ಬರು. ಇವರೆಲ್ಲ ಒಂದೇ ರಾತ್ರಿಯಲ್ಲಿ ಬಡವರಾದವರಲ್ಲ. ಬಹುತೇಕರು ಮೊದಲೂ ಹಸಿದೇ ಇದ್ದರು, ಕಾಗದದ ಮೇಲೆ ಇರಲಿಲ್ಲ ಅಷ್ಟೇ.

2013ರ ಫೆಬ್ರವರಿ 1ರಂದು ಅಂತಾರಾಷ್ಟ್ರೀಯ ಹಣಕಾಸು ನಿಧಿ ಅರ್ಜೆಂಟೀನಾಗೆ ಛೀಮಾರಿ ಹಾಕಿತ್ತು. ಅಂಕಿಅಂಶದ ವಿಚಾರಕ್ಕೆ ಇಂಥ ಶಿಕ್ಷೆ ಪಡೆದ ಮೊದಲ ದೇಶ ಅದು. 2016ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಪಡೆದರು. 2024ರಲ್ಲಿ ಅಲ್ಲಿನ ನ್ಯಾಯಾಲಯ ಇಂಡೆಕ್ ಪ್ರಕರಣದಲ್ಲಿ ಮೊರೆನೊ ತಪ್ಪಿತಸ್ಥ ಅಂತ ತೀರ್ಪು ಕೊಟ್ಟಿತು.

ಕವಾಲ್ಲೊನ ಪ್ರೋಗ್ರಾಂ ಅಷ್ಟಕ್ಕೇ ನಿಲ್ಲಲಿಲ್ಲ. ಎಂಐಟಿಯಲ್ಲಿ ರೊಬೆರ್ಟೊ ರಿಗೊಬಾನ್ ಜೊತೆ ಸೇರಿ ಬಿಲಿಯನ್ ಪ್ರೈಸಸ್ ಪ್ರಾಜೆಕ್ಟ್ ಶುರುವಾಯಿತು. 2010ರ ಹೊತ್ತಿಗೆ 50 ದೇಶಗಳ 300ಕ್ಕೂ ಹೆಚ್ಚು ಮಾರಾಟಗಾರರಿಂದ ದಿನಕ್ಕೆ 50 ಲಕ್ಷ ಬೆಲೆಗಳು ಬರ್ತಿದ್ದವು. 2008ರ ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಮುಳುಗಿತಲ್ಲ, ಆಗ ಅಮೆರಿಕದ ಆನ್‌ಲೈನ್ ಬೆಲೆಗಳು ಹೆಚ್ಚುಕಡಿಮೆ ಮರುದಿನದಿಂದಲೇ ಇಳಿಯತೊಡಗಿದ್ದವು. ಸರ್ಕಾರಿ ಅಂಕಿಯಲ್ಲಿ ಆ ದೊಡ್ಡ ಇಳಿಕೆ ಕಾಣೋಕೆ ನವೆಂಬರ್‌ವರೆಗೆ ಕಾಯಬೇಕಾಯಿತು.

ಹಾಗಾದರೆ ಸಮೀಕ್ಷೆ ಬಿಸಾಡಿ, ಎಲ್ಲಾ ಕಂಪ್ಯೂಟರ್‌ಗೆ ಬಿಡೋಣವಾ? ನಾನೂ ಮೊದಲು ಹಾಗೇ ಅಂದುಕೊಂಡೆ. ಓದ್ತಾ ಹೋದಾಗ ತಪ್ಪು ಅರ್ಥವಾಯಿತು. ಇಂಟರ್ನೆಟ್ ಟೊಮೆಟೊ ಬೆಲೆ ಹೇಳುತ್ತೆ. ನಮ್ಮ ಮನೆಗೆ ವಾರಕ್ಕೆ ಎಷ್ಟು ಕೆಜಿ ಟೊಮೆಟೊ ಬೇಕು ಅಂತ ಹೇಳಲ್ಲ. ಅದನ್ನು ಯಾರಾದರೂ ಬಾಗಿಲು ತಟ್ಟಿ ಕೇಳಬೇಕು. ಮನೆ ಬಾಡಿಗೆ, ಕ್ಷೌರ, ಆಟೋ, ಸಂತೆಯ ಸೊಪ್ಪು, ಇವು ಯಾವ ಸೂಪರ್‌ಮಾರ್ಕೆಟ್ ಪುಟದಲ್ಲೂ ಪೂರ್ತಿ ಸಿಗಲ್ಲ. ಆನ್‌ಲೈನ್ ಲೆಕ್ಕ ಕಾವಲುಗಾರನ ಕೆಲಸ ಮಾಡುತ್ತೆ. ಮನೆ ಕಟ್ಟೋದು ಸಮೀಕ್ಷೆಯೇ.

ನಮ್ಮ ದೇಶಕ್ಕೆ ಬನ್ನಿ. 2012 ಮೂಲ ವರ್ಷದ ನಮ್ಮ ಗ್ರಾಹಕ ಬೆಲೆ ಸೂಚ್ಯಂಕದ ಬುಟ್ಟಿ ತಯಾರಾಗಿದ್ದು 2011-12ರ ಕುಟುಂಬ ವೆಚ್ಚ ಸಮೀಕ್ಷೆಯಿಂದ. 299 ವಸ್ತುಗಳು, 1,181 ಹಳ್ಳಿಗಳು, ಪಟ್ಟಣಗಳ 1,114 ಮಾರುಕಟ್ಟೆಗಳು. ಹಳ್ಳಿಗಳ ಬೆಲೆ ಬಹಳ ವರ್ಷ ಬರೆದು ಕಳಿಸಿದವರು ಅಂಚೆ ಇಲಾಖೆಯವರು. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಬುಟ್ಟಿ ಹಳೆಯದಾಯಿತು. ನಾವೆಲ್ಲ ಮೊಬೈಲಿನಲ್ಲಿ ಸಿನಿಮಾ ನೋಡೋ ಕಾಲದಲ್ಲೂ ಅದರಲ್ಲಿ ಡಿವಿಡಿ ಪ್ಲೇಯರ್ ಕೂತಿತ್ತು. 2017-18ರಲ್ಲಿ ಹೊಸ ಸಮೀಕ್ಷೆ ನಡೆಯಿತು. ಗುಣಮಟ್ಟ ಸರಿಯಿಲ್ಲ ಅಂತ ಹೇಳಿ 2019ರ ನವೆಂಬರ್‌ನಲ್ಲಿ ಸರ್ಕಾರ ಅದನ್ನು ಬಿಡುಗಡೆ ಮಾಡದಿರಲು ತೀರ್ಮಾನಿಸಿತು. ಮುಂದಿನ ಸಮೀಕ್ಷೆ 2022-23ರದ್ದು. ಅಷ್ಟರಲ್ಲಿ ಹಳ್ಳಿಯ ಮನೆಯ ಖರ್ಚಿನಲ್ಲಿ ಆಹಾರದ ಪಾಲು ಸುಮಾರು 53ರಿಂದ 46 ಪರ್ಸೆಂಟ್‌ಗೆ ಇಳಿದಿತ್ತು. ಆಮೇಲೆಯೇ 2023-24ರ ಸಮೀಕ್ಷೆ ಇಟ್ಟುಕೊಂಡು, ಆನ್‌ಲೈನ್ ಬೆಲೆಗಳನ್ನೂ ಸೇರಿಸಿ, 2024 ಮೂಲ ವರ್ಷದ ಹೊಸ ಬುಟ್ಟಿ ಕಟ್ಟೋ ಕೆಲಸ ಶುರುವಾಗಿದ್ದು. ನಮ್ಮದು ಅರ್ಜೆಂಟೀನಾ ಅಂತ ನಾನು ಹೇಳ್ತಿಲ್ಲ. ಆದರೆ ಅಳತೆಪಟ್ಟಿಯನ್ನು ಹತ್ತು ವರ್ಷ ಹಳೆಯದಾಗೋಕೆ ಬಿಟ್ಟರೂ ಅಳತೆ ತಪ್ಪುತ್ತೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಸರ್ಕಾರಿ ನೌಕರನ ತುಟ್ಟಿಭತ್ಯೆ, ಕನಿಷ್ಠ ವೇತನದಲ್ಲಿ ಏರೋ ಪೈಸೆ, ರಿಸರ್ವ್ ಬ್ಯಾಂಕಿನ ಬಡ್ಡಿ, ಅದರ ಹಿಂದೆ ನಿಮ್ಮ ಮನೆ ಸಾಲದ ಕಂತು, ಎಲ್ಲವೂ ಒಂದಲ್ಲ ಒಂದು ಬೆಲೆ ಸೂಚ್ಯಂಕಕ್ಕೆ ಕಟ್ಟಿಕೊಂಡಿವೆ.

ಕೊನೆಗೆ ನನ್ನದೇ ಇನ್ನೊಂದು ತಪ್ಪು. ಒಂದು ರಾತ್ರಿ ಬುಲೆಟಿನ್‌ನಲ್ಲಿ ಹಣದುಬ್ಬರ ಇಳಿಕೆ ಅಂತ ಓದುವ ಬದಲು ಬೆಲೆ ಇಳಿಕೆ ಅಂತ ಓದಿಬಿಟ್ಟೆ. ಹಣದುಬ್ಬರ ಇಳಿದರೆ ಬೆಲೆ ಏರೋ ವೇಗ ಕಮ್ಮಿಯಾಯಿತು ಅಂತ ಅರ್ಥ. ಬೆಲೆ ಏರ್ತಾನೇ ಇರುತ್ತೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹೆಂಗಸು ಆಫೀಸಿಗೆ ಫೋನ್ ಮಾಡಿದರು. ಬೈಯಲಿಲ್ಲ. ಕೇಳಿದ್ದು ಒಂದೇ ಮಾತು: "ಯಾವ ಅಂಗಡೀಲಿ ಇಳಿದೈತೆ ಹೇಳಿ ಸಾರ್, ನಾಳೆ ಅಲ್ಲಿಗೇ ಹೋಗ್ತೀನಿ."

ಮರುದಿನ ತಿದ್ದುಪಡಿ ಓದಿದೆ. ಅವತ್ತಿನಿಂದ ಅಂಕಿ ಓದುವ ಮೊದಲು ಮೂರು ವಿಷಯ ನೋಡಿಕೊಳ್ತೀನಿ: ಬುಟ್ಟಿ ಯಾವ ವರ್ಷದ್ದು, ಬೆಲೆ ಬರೆದವರು ಯಾರು, ಅದನ್ನು ಬೇರೆ ಯಾರಾದರೂ ಪರೀಕ್ಷೆ ಮಾಡಬಹುದಾ? ನಾನು ಮರೆತರೆ ನೀವು ಫೋನ್ ಮಾಡಿ.