ಹವಳದ ಗೋಡೆ, ಹುರಿಹಗ್ಗದ ನಂಟು

ಲಕ್ಷದ್ವೀಪವೆಂದರೆ ಕೇರಳಕ್ಕೆ ಸೇರಿದ ಕಥೆ ಎಂದೇ ನಾವು ಭಾವಿಸಿದ್ದೇವೆ. ಆದರೆ ಅದರ ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ದ್ವೀಪಗಳನ್ನು ಕಟ್ಟಿದ್ದು ಹವಳದ ಹುಳುಗಳು. ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ಅವು ತಮಗೊಂದು ಗೂಡು ಕಟ್ಟಿಕೊಳ್ಳುತ್ತವೆ. ಸತ್ತವುಗಳ ಗೂಡಿನ ಮೇಲೆ ಬದುಕಿರುವವು ಮತ್ತೆ ಕಟ್ಟುತ್ತವೆ. ಕಡಲಲ್ಲಿ ಮುಳುಗುತ್ತಿರುವ ಜ್ವಾಲಾಮುಖಿ ಬೆಟ್ಟದ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತಾ ಹೋದಾಗ ಕೊನೆಗೆ ಬಳೆಯಾಕಾರದ ದಿಬ್ಬವಷ್ಟೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಿಸಿದ್ದರು. ಅರಬ್ಬೀ ಸಮುದ್ರದ ಅಲೆಗಳು ಈ ದಿಬ್ಬಕ್ಕೆ ಬಡಿದು ಒಡೆಯುತ್ತವೆ. ಒಳಗೆ ಶಾಂತವಾದ ಲಗೂನ್, ಅದರ ಅಂಚಿನಲ್ಲಿ ಹವಳದ ಮರಳಿನ ನೆಲ, ನೆಲದಡಿ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರ. ದ್ವೀಪದ ಬಾವಿಗಳಿಗೆ ಅದೇ ಆಧಾರ.

ಈ ನೆಲದಲ್ಲಿ ಬೆಳೆಯುವುದು ಮುಖ್ಯವಾಗಿ ತೆಂಗು. ಸಿಪ್ಪೆಯನ್ನು ಲಗೂನಿನ ಅಂಚಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ಹೆಂಗಸರು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಕಣ್ಣೂರಿನ ಅರಕ್ಕಲ್ ದೊರೆಗಳು ಈ ವ್ಯಾಪಾರವನ್ನು ತಮ್ಮ ಏಕಸ್ವಾಮ್ಯವನ್ನಾಗಿ ಮಾಡಿಕೊಂಡಾಗ ಜನರು ಕಂಗೆಟ್ಟರು. 1780ರ ದಶಕದಲ್ಲಿ ಅಮಿನಿಯವರು ಟಿಪ್ಪು ಸುಲ್ತಾನರ ಮೊರೆಹೊಕ್ಕರು; ಆ ಐದು ದ್ವೀಪಗಳು ಮೈಸೂರಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಅವು ಬ್ರಿಟಿಷರ ಪಾಲಾಗಿ ಕೆನರಾಕ್ಕೆ ಸೇರಿದವು. ದೊರೆಗಳು ಬದಲಾದರೂ ಹುರಿಯ ಮೇಲಿನ ಏಕಸ್ವಾಮ್ಯ ಮಾತ್ರ ಮುಂದುವರಿಯಿತು.

ಆಳಿದವರೆಲ್ಲರೂ ಹುರಿಯನ್ನು ತೂಗಿದರು. ಆ ಹುರಿಗೆ ನೆಲ, ನೀರು, ನೆರಳು ಕೊಟ್ಟ ಹವಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಅದೇ ಹವಳ ಸಾಯುತ್ತಿದೆ. ಸಮುದ್ರ ಅತಿಯಾಗಿ ಬಿಸಿಯಾದಾಗ ಹವಳ ತನಗೆ ಆಹಾರ ನೀಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಇದು ವ್ಯಾಪಕವಾಗಿ ಸಂಭವಿಸಿತು. ಬಂಗಾರಂ ಬಳಿಯ ಪರಳಿ-1 ಎಂಬ ನಿರ್ಜನ ಕಿರುದ್ವೀಪ ಸಂಪೂರ್ಣ ಕೊಚ್ಚಿಹೋಗಿರುವುದು 2017ರಲ್ಲಿ ಬೆಳಕಿಗೆ ಬಂತು.

ಕಡಲನ್ನು ಕಾಯಿಸುತ್ತಿರುವ ಹೊಗೆ ಆ ಪುಟ್ಟ ದ್ವೀಪಗಳ ಒಲೆಗಳಿಂದ ಎದ್ದದ್ದಲ್ಲ. ಅದು ನಮ್ಮ ನಗರಗಳದ್ದು, ವಾಹನಗಳದ್ದು, ಕಾರ್ಖಾನೆಗಳದ್ದು. ಒಂದು ಕಾಲದಲ್ಲಿ ನಮ್ಮದೇ ಜಿಲ್ಲೆಯವರಾಗಿದ್ದ ಆ ಜನರ ಹುರಿಯನ್ನು ಅಗ್ಗಕ್ಕೆ ಕೊಂಡ ದಡ ನಮ್ಮದು. ಅವರ ನೆಲವೂ ಅಷ್ಟೇ ಅಗ್ಗವಾಗದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ ಅಲ್ಲವೇ?