ಕಾಫಿ ಸೀಮೆಯ ದುಡಿಮೆಯ ವ್ಯಾಜ್ಯ: ಸೈನ್ಯಾಧಿಕಾರಿಯ ಕಚೇರಿಯಿಂದ ಕಾರ್ಮಿಕ ನ್ಯಾಯಾಲಯಕ್ಕೆ

ಅರಸೀಕೆರೆಯ ಬಯಲಿನಿಂದ ಪಶ್ಚಿಮಕ್ಕೆ ಹೊರಟು ಹಳೇಬೀಡು, ಬೇಲೂರುಗಳನ್ನು ದಾಟಿ ಅರೇಹಳ್ಳಿಯನ್ನು ಸೇರುವಷ್ಟರಲ್ಲಿ ರಾಗಿಯ ಹೊಲಗಳು ಹಿಂದುಳಿದು ಕಾಫಿ ತೋಟಗಳು ಮೊದಲಾಗಿರುತ್ತವೆ. ಈ ಸೀಮೆಯ ಇತಿಹಾಸವೆಂದರೆ ಹೊಯ್ಸಳರ ಶಿಲ್ಪ ಮತ್ತು ಶಾಸನಗಳೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ತೋಟದ ದುಡಿಮೆಗೂ ಒಂದು ಇತಿಹಾಸವುಂಟು. ಒಡೆಯನಿಗೂ ಆಳಿಗೂ ಒದಗಿದ ವ್ಯಾಜ್ಯವನ್ನು ಯಾರು, ಯಾವ ನ್ಯಾಯದಿಂದ ತೀರ್ಮಾನಿಸುತ್ತಿದ್ದರು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1831ರಿಂದ 1881ರವರೆಗೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಒಳಪಟ್ಟಿದ್ದುದು ಸುವಿದಿತ. 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ ಮದ್ರಾಸ್ ಸೈನ್ಯದ ಅಧಿಕಾರಿ. ಅವನ ಕೈಕೆಳಗೆ ವಿಭಾಗಗಳನ್ನು ಆಳಿದ ಸೂಪರಿಂಟೆಂಡೆಂಟರಲ್ಲಿ ಬಹುಮಂದಿ ಸೈನಿಕರೇ ಆಗಿದ್ದರು. ಚಿತ್ರದುರ್ಗ ವಿಭಾಗದ ಡಾಬ್ಸ್ ಇದಕ್ಕೆ ನಿದರ್ಶನ. ದಾಬಸ್‌ಪೇಟೆಯ ಹೆಸರು ಇಂದಿಗೂ ಅವನನ್ನು ನೆನಪಿಗೆ ತರುತ್ತದೆ. ಕಂದಾಯದ ವಸೂಲಿಯೂ ನ್ಯಾಯವಿಚಾರಣೆಯೂ ಇಂತಹವರಲ್ಲಿ ಒಂದುಗೂಡಿದ್ದುವು. ಇವರಿಗೆ ಪರಿಚಿತವಾಗಿದ್ದ ನ್ಯಾಯವೆಂದರೆ ಸೈನ್ಯದ ಶಿಸ್ತಿನ ನ್ಯಾಯ. ಅಪ್ಪಣೆಯಿಲ್ಲದೆ ದಂಡನ್ನು ಬಿಟ್ಟುಹೋದ ಸಿಪಾಯಿ ಆ ನ್ಯಾಯದಲ್ಲಿ ಅಪರಾಧಿ.

ಈ ಆಡಳಿತದ ಅವಧಿಯಲ್ಲಿಯೇ ಮಲೆನಾಡಿನಲ್ಲಿ ಕಾಫಿಯ ವ್ಯವಸಾಯವು ವಿಸ್ತರಿಸಿತು. 1843ರಲ್ಲಿ ಗ್ರೀನ್ ಎಂಬ ಐರೋಪ್ಯನು ಮಂಜರಾಬಾದಿನಲ್ಲಿ ತೋಟವನ್ನು ಆರಂಭಿಸಿದನು. ಅದೇ ಸೀಮೆಯಲ್ಲಿ ನೆಲೆಸಿದ ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ತೋಟಗಳಿಗೆ ಬೇಕಾದ ಆಳುಗಳನ್ನು ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಮೇಸ್ತ್ರಿಗಳು ಕರೆತರುತ್ತಿದ್ದರು. ಮೇಸ್ತ್ರಿಗೆ ಒಡೆಯನು ಮುಂಗಡ ಕೊಡುವನು. ಮೇಸ್ತ್ರಿಯು ಅದನ್ನು ಆಳುಗಳಿಗೆ ಹಂಚುವನು. ಆ ಹಣವು ತೀರುವವರೆಗೆ ದುಡಿಯಬೇಕು. ಆಳು ನಡುವೆ ಹೊರಟುಹೋದರೆ ಅದು ಬರಿಯ ಸಾಲವೋ, ಅಪರಾಧವೋ? ವ್ಯಾಜ್ಯದ ಮರ್ಮವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿತ್ತು.

1859ರ ಹದಿಮೂರನೆಯ ಕಾಯಿದೆಯು ಇದಕ್ಕೆ ಕಠಿಣವಾದ ಉತ್ತರವನ್ನು ಕೊಟ್ಟಿತು. ಇದನ್ನು ಬೇಡಿದವರು ಸೈನಿಕರಲ್ಲ, ಕಲ್ಕತ್ತೆಯ ವ್ಯಾಪಾರಸ್ಥರು. ಆದರೆ ಮುಂದೆ ದಕ್ಷಿಣ ಭಾರತದ ತೋಟಗಾರರೂ ಇದನ್ನೇ ನೆಚ್ಚಿಕೊಂಡರು. ಮುಂಗಡ ಪಡೆದು ಕೆಲಸ ಬಿಟ್ಟವನ ಮೇಲೆ ಒಡೆಯನು ಮ್ಯಾಜಿಸ್ಟ್ರೇಟನಲ್ಲಿ ದೂರು ಕೊಡಬಹುದು. ಹಣವನ್ನು ಹಿಂದಿರುಗಿಸು, ಇಲ್ಲವೆ ಕೆಲಸವನ್ನು ಪೂರೈಸು ಎಂದು ಆಜ್ಞೆಯಾಗುವುದು. ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸೆರೆವಾಸ. ಕೂಲಿಯನ್ನು ಕೊಡದ ಒಡೆಯನ ಮೇಲೆ ಇಂತಹ ದೂರಿಗೆ ಆ ಕಾಯಿದೆಯಲ್ಲಿ ಅವಕಾಶವಿರಲಿಲ್ಲ. ಸೈನ್ಯದ ಶಾಸನಕ್ಕೂ ಈ ಕಾಯಿದೆಗೂ ಹುಟ್ಟು ಬೇರೆ. ಆದರೂ ಕೆಲಸ ಬಿಟ್ಟವನನ್ನು ಓಡಿಹೋದವನೆಂದು ಕಾಣುವ ದೃಷ್ಟಿ ಎರಡರಲ್ಲಿಯೂ ಒಂದೇ ಎಂದು ನಮ್ಮ ಅಭಿಪ್ರಾಯ. ಸಿಪಾಯಿಯು ಪ್ರತಿಜ್ಞೆ ಮಾಡಿ ಸೈನ್ಯವನ್ನು ಸೇರಿದವನು. ತೋಟದ ಆಳನ್ನು ಕಟ್ಟಿಹಾಕಿದ್ದು ಹಸಿವು.

ಈ ಕಾಯಿದೆಯು 1925ರ ಶಾಸನದಿಂದ ರದ್ದಾಯಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಕಾರ್ಮಿಕನು ಆಪಾದಿತನ ಸ್ಥಾನವನ್ನು ಬಿಟ್ಟು ಹಕ್ಕುದಾರನಾಗಿ ನಿಂತನು. ಅವನ ಪರವಾಗಿ ಸಂಘದ ಪದಾಧಿಕಾರಿಯು ಮಾತನಾಡಬಹುದಾಗಿತ್ತು. ನ್ಯಾಯಮಂಡಲಿಯಲ್ಲಿ ವಕೀಲನು ವಾದಿಸಬೇಕಾದರೆ ಎದುರು ಪಕ್ಷದ ಸಮ್ಮತಿಯೂ ಮಂಡಲಿಯ ಅನುಮತಿಯೂ ಬೇಕಾಗಿದ್ದುವು. ಸಂಧಾನದ ಹಂತದಲ್ಲಿ ಅವನಿಗೆ ಪ್ರವೇಶವೇ ಇರಲಿಲ್ಲ. ಹಣವುಳ್ಳ ಪಕ್ಷವು ವಾದಚಾತುರ್ಯವನ್ನು ಕೊಂಡುಕೊಳ್ಳಬಾರದೆಂಬುದು ಇದರ ಆಶಯ. 1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ವೈದ್ಯಸಹಾಯಗಳನ್ನು ಒಡೆಯನ ಹೊಣೆಯನ್ನಾಗಿ ಮಾಡಿತು. 1965ರ ತಿದ್ದುಪಡಿಯಿಂದ, ಕೆಲಸದಿಂದ ತೆಗೆಯಲ್ಪಟ್ಟ ಒಬ್ಬನೇ ಕಾರ್ಮಿಕನ ದೂರು ಕೂಡ ಕೈಗಾರಿಕಾ ವಿವಾದವೆಂದು ಪರಿಗಣಿತವಾಯಿತು. 1976ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸಿದ ಶಾಸನವು ಮುಂಗಡದ ಸಾಲಕ್ಕಾಗಿ ಮನುಷ್ಯನನ್ನು ಕಟ್ಟಿಹಾಕುವುದನ್ನೇ ಅಪರಾಧವನ್ನಾಗಿಸಿತು. 1859ರಲ್ಲಿ ಸೆರೆಮನೆಯ ಭಯವು ಆಳಿಗಿತ್ತು. 1976ರಲ್ಲಿ ಅದು ಒಡೆಯನ ಕಡೆಗೆ ತಿರುಗಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಗಳಲ್ಲಿ 1947 ಮತ್ತು 1951ರ ಕಾಯಿದೆಗಳ ವಿಷಯಗಳು ಅಡಕಗೊಂಡಿವೆ.

ಶಾಸನದ ಬದಲಾವಣೆಯೇ ಬದುಕಿನ ಬದಲಾವಣೆಯಲ್ಲ. ಮೇಸ್ತ್ರಿಯ ಮುಂದೆ ನಿಂತ ಅನಕ್ಷರಸ್ಥನಿಗೆ ಕಾಯಿದೆಯ ಕಲಮುಗಳು ದೂರದ ಮಾತು. ಆದರೂ ಕೆಲಸವನ್ನು ಬಿಡುವ ಸ್ವಾತಂತ್ರ್ಯವಿಲ್ಲದವನಿಗೆ ಕೂಲಿಯನ್ನು ಕೇಳುವ ಧೈರ್ಯವೂ ಇರಲಾರದು. ಬೇಲೂರಿನ ಶಾಸನಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಅರೇಹಳ್ಳಿಯ ಹಿರಿಯ ಕೂಲಿಕಾರರ ನೆನಪುಗಳನ್ನೂ ಬರೆದುಕೊಂಡರೆ ಈ ಸೀಮೆಯ ಇತಿಹಾಸವು ಪೂರ್ಣತೆಯ ಕಡೆಗೆ ಒಂದು ಹೆಜ್ಜೆ ಸಾಗುವುದೆಂದು ನಾವು ನಂಬುತ್ತೇವೆ.