ಆಫ್ರಿಕಾ ಖಂಡದಲ್ಲಿ ಪ್ರಜಾಭಿಪ್ರಾಯದ ಸಮೀಕ್ಷೆ: ಒಂದು ಚಾರಿತ್ರಿಕ ವಿವೇಚನೆ

ಆಫ್ರಿಕಾ ಖಂಡದಲ್ಲಿ ಜನರನ್ನು ಎಣಿಸುವ ಕಾರ್ಯವು ಅವರ ಅಭಿಮತವನ್ನು ವಿಚಾರಿಸುವ ಕಾರ್ಯಕ್ಕಿಂತ ಬಹುಕಾಲ ಮೊದಲೇ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಯುರೋಪಿನ ಪ್ರಬಲ ರಾಷ್ಟ್ರಗಳು ಆ ವಿಶಾಲ ಭೂಖಂಡವನ್ನು ತಮ್ಮತಮ್ಮೊಳಗೆ ಹಂಚಿಕೊಂಡ ತರುವಾಯ, ಹಳ್ಳಿಗೆ ಬಂದ ಸರಕಾರಿ ನೌಕರನು ಮೊದಲು ಬರೆದುಕೊಂಡದ್ದು ಗುಡಿಸಲುಗಳ ಲೆಕ್ಕವನ್ನು. ಏಕೆಂದರೆ ಗುಡಿಸಲೊಂದಕ್ಕೆ ಇಷ್ಟೆಂದು ಕಂದಾಯ ಗೊತ್ತಾಗಿದ್ದಿತು. 1898ರಲ್ಲಿ ಸಿಯೆರಾ ಲಿಯೋನಿನ ಒಳನಾಡು ದಂಗೆಯೆದ್ದದ್ದು ಈ ಗುಡಿಸಲು ತೆರಿಗೆಯ ನಿಮಿತ್ತವಾಗಿಯೇ. ಅಪರಿಚಿತನೊಬ್ಬನು ಕಾಗದ ಹಿಡಿದು ಬಾಗಿಲಿಗೆ ಬಂದನೆಂದರೆ ಕೇಡು ಬಂದಿತೆಂಬ ಶಂಕೆ ಅಲ್ಲಿನ ಜನರಲ್ಲಿ ನೆಲೆಗೊಂಡಿದ್ದರೆ ಅದು ಅನುಭವದಿಂದ ಹುಟ್ಟಿದ ಶಂಕೆ. ಮುಂದೆ ಪ್ರಜಾಭಿಪ್ರಾಯದ ಸಮೀಕ್ಷೆಗೆ ಹೊರಟವರೆಲ್ಲರೂ ಎದುರಿಸಬೇಕಾಗಿ ಬಂದ ಪ್ರಥಮ ವಿಘ್ನವೂ ಇದೇ ಆಗಿದ್ದಿತು.

ಶಾಸ್ತ್ರೀಯವಾದ ಸಾಮಾಜಿಕ ಸಮೀಕ್ಷೆಯ ಬೀಜವನ್ನು ಅಲ್ಲಿ ಬಿತ್ತಿದವರು ಮಾನವಶಾಸ್ತ್ರಜ್ಞರು. ಇಂದಿನ ಜಾಂಬಿಯಾದಲ್ಲಿ, ಎಂದರೆ ಅಂದಿನ ಉತ್ತರ ರೊಡೇಶಿಯಾದಲ್ಲಿ, 1937ರಲ್ಲಿ ಸ್ಥಾಪಿತವಾದ ರೋಡ್ಸ್-ಲಿವಿಂಗ್‌ಸ್ಟನ್ ಸಂಸ್ಥೆಯ ಪರವಾಗಿ ಕ್ಲೈಡ್ ಮಿಚೆಲ್ಲರು 1950ರ ದಶಕದ ಪೂರ್ವಾರ್ಧದಲ್ಲಿ ತಾಮ್ರದ ಗಣಿಗಳ ಪಟ್ಟಣಗಳಲ್ಲಿ ಮನೆಮನೆಯ ಸಮೀಕ್ಷೆಯನ್ನು ಕೈಗೊಂಡರು. ಹಳ್ಳಿಯನ್ನು ಬಿಟ್ಟು ಗಣಿಗೆ ಬಂದ ಕೂಲಿಯ ವೇತನ, ವಿವಾಹ, ಬಂಧುತ್ವಗಳೇ ಅವರ ಜಿಜ್ಞಾಸೆಯ ವಿಷಯಗಳಾಗಿದ್ದುವು. ಆಳುವವರ ವಿಷಯದಲ್ಲಿ ಆತನ ಮನೋಗತವೇನೆಂಬುದು ಆ ಪ್ರಶ್ನಾವಳಿಯ ಪರಿಧಿಗೆ ಸೇರಿರಲಿಲ್ಲ. ಸ್ವಾತಂತ್ರ್ಯೋದಯದ ಹೊಸತರಲ್ಲಿ ಈ ಕೊರತೆ ನೀಗುವುದೆಂಬ ಭರವಸೆ ಮೂಡಿದ್ದುಂಟು. ನೈರೋಬಿಯಲ್ಲಿ ಮಾರ್ಕೋ ಸರ್ವೇಸ್ ಎಂಬ ಸಂಸ್ಥೆಯು 1960ರ ದಶಕದ ಆದಿಯಲ್ಲಿ ಜನಾಭಿಪ್ರಾಯವನ್ನು ಸಂಗ್ರಹಿಸಿ ಪ್ರಕಟಿಸಿತು. ಹ್ಯಾಡ್ಲಿ ಕ್ಯಾಂಟ್ರಿಲ್ಲರು ನಾನಾ ದೇಶಗಳ ಜನರ ಆಶೆ-ಆತಂಕಗಳನ್ನು ಅಳೆದು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದೊಡನೆ ನೈಜೀರಿಯಾ ಮತ್ತು ಈಜಿಪ್ಟುಗಳೂ ಸ್ಥಾನ ಪಡೆದುವು. ಆದರೆ ಘಾನಾ 1964ರಲ್ಲಿ, ಟಾಂಜಾನಿಯಾ 1965ರಲ್ಲಿ, ಜಾಂಬಿಯಾ 1972ರಲ್ಲಿ ಏಕಪಕ್ಷದ ಆಡಳಿತಕ್ಕೆ ಒಳಪಟ್ಟುವು. ಬೇರೆಡೆಗಳಲ್ಲಿ ಸೈನಿಕರು ಸಿಂಹಾಸನವೇರಿದರು. ಪ್ರಜೆಗಳ ಮನಸ್ಸು ತಮಗೆ ಮೊದಲೇ ತಿಳಿದಿದೆಯೆಂದು ಸಾರಿಕೊಂಡ ಸರಕಾರಗಳಿಗೆ ಅದನ್ನು ಕೇಳಿ ತಿಳಿಯುವ ಉದ್ಯಮದ ಅವಶ್ಯಕತೆ ತೋರದೆ ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಮೌನದ ವರ್ಷಗಳಲ್ಲಿಯೂ ಮಾದರಿ ಸಮೀಕ್ಷೆಯ ತಂತ್ರವು ಬೇರೊಂದು ಮಾರ್ಗದಿಂದ ಬೆಳೆಯುತ್ತಲೇ ಇದ್ದಿತು. ಈ ತಂತ್ರವನ್ನು ಬಡ ರಾಷ್ಟ್ರಗಳಿಗೆ ಯೋಗ್ಯವಾಗುವಂತೆ ರೂಪಿಸಿದವರಲ್ಲಿ ಪ್ರಶಾಂತಚಂದ್ರ ಮಹಲನೋಬಿಸರು ಅಗ್ರಗಣ್ಯರು. ವಿಶ್ವಸಂಸ್ಥೆಯು 1947ರಲ್ಲಿ ಮಾದರಿ ಸಮೀಕ್ಷೆಗಾಗಿ ನೇಮಿಸಿದ ಉಪಸಮಿತಿಯ ಅಧ್ಯಕ್ಷತೆಯನ್ನು ವಹಿಸಿದವರು ಅವರೇ. ವಿಶ್ವಸಂಸ್ಥೆಯೂ ಭಾರತ ಸರಕಾರವೂ ಕೂಡಿ 1951-52ರಲ್ಲಿ ನಮ್ಮ ಮೈಸೂರು ರಾಜ್ಯದಲ್ಲಿಯೇ ನಡೆಸಿದ ಜನಸಂಖ್ಯಾ ಅಧ್ಯಯನವು, ಸಾಮಾನ್ಯ ಗೃಹಸ್ಥರನ್ನೂ ಗೃಹಿಣಿಯರನ್ನೂ ಕುಟುಂಬದ ಗಾತ್ರದ ವಿಷಯದಲ್ಲಿ ಅವರ ಇಷ್ಟವೇನೆಂದು ಕೇಳಿದ ಆದಿಪ್ರಯತ್ನಗಳಲ್ಲೊಂದೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಆಫ್ರಿಕಾದಲ್ಲಿ ಜನನ-ಆರೋಗ್ಯಗಳ ಸಮೀಕ್ಷೆಗಳೂ, ವಿಶ್ವಬ್ಯಾಂಕು 1985ರಲ್ಲಿ ಐವರಿ ಕೋಸ್ಟಿನಲ್ಲಿ ಪ್ರಾರಂಭಿಸಿದ ಜೀವನಮಟ್ಟದ ಸಮೀಕ್ಷೆಯೂ ಒಂದು ತಲೆಮಾರಿನ ಕ್ಷೇತ್ರಕಾರ್ಯಕರ್ತರನ್ನು ಸಿದ್ಧಗೊಳಿಸಿದುವು. ರಾಜಕೀಯ ವಾತಾವರಣವು ತಿಳಿಯಾದೊಡನೆ ಆ ಕೌಶಲವು ಅಭಿಪ್ರಾಯ ಸಂಗ್ರಹಕ್ಕೆ ಒದಗಿಬಂದಿತು.

ಆ ತಿಳಿಗಾಲವು 1990ರ ದಶಕದೊಡನೆ ಬಂದಿತು. ಜಾಂಬಿಯಾದಲ್ಲಿ 1991ರ ಅಕ್ಟೋಬರಿನಲ್ಲಿ ಕೆನೆತ್ ಕೌಂಡಾ ಚುನಾವಣೆಯಲ್ಲಿ ಸೋತು ಅಧಿಕಾರವನ್ನು ಬಿಟ್ಟುಕೊಟ್ಟರು. ಎರಡು ವರ್ಷಗಳ ನಂತರ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೇಲ್ ಬ್ರಾಟನ್ನರು ಆ ದೇಶದ ಮತದಾರರ ರಾಜಕೀಯ ಮನೋಭಾವವನ್ನು ಕುರಿತು ಸಮೀಕ್ಷೆ ನಡೆಸಿದರು. ಇತ್ತ ದಕ್ಷಿಣ ಆಫ್ರಿಕಾದಲ್ಲಿ ಇಡಾಸಾ ಎಂಬ ಪ್ರಜಾಪ್ರಭುತ್ವ ಸಂಸ್ಥೆಯಲ್ಲಿದ್ದ ರಾಬರ್ಟ್ ಮ್ಯಾಟಿಸರು ವರ್ಣಭೇದ ನೀತಿಯ ಪತನಾನಂತರದ ಜನಾಭಿಪ್ರಾಯವನ್ನು ಅಭ್ಯಸಿಸುತ್ತಿದ್ದರು. ಘಾನಾದ ಆಕ್ರಾ ನಗರದಲ್ಲಿ ಇಮ್ಯಾನ್ಯುಯೆಲ್ ಗ್ಯಿಮಾ-ಬೋಡಿಯವರು ಪ್ರಜಾಸತ್ತಾತ್ಮಕ ಅಭಿವೃದ್ಧಿ ಕೇಂದ್ರವನ್ನು ಕಟ್ಟಿ ನಿಲ್ಲಿಸಿದ್ದರು. ಈ ಮೂವರೂ 1999ರಲ್ಲಿ ಒಂದುಗೂಡಿದರು. ಅದರ ಫಲವೇ ಆಫ್ರೋಬ್ಯಾರೋಮೀಟರ್. ಯುರೋಪು, ಲ್ಯಾಟಿನ್ ಅಮೆರಿಕಗಳಲ್ಲಿ ಇಂತಹ ಯೋಜನೆಗಳು ಮೊದಲೇ ಇದ್ದುವೆಂಬುದು ನಿಜ; ಆದರೆ ದೂರವಾಣಿಯೂ ವಿಳಾಸಪಟ್ಟಿಯೂ ಇಲ್ಲದ ಊರುಗಳಲ್ಲಿ, ಹತ್ತಾರು ಭಾಷೆಗಳ ನಡುವೆ, ಒಂದೇ ಪ್ರಶ್ನಾವಳಿಯನ್ನು ಒಂದೇ ಕ್ರಮದಲ್ಲಿ ನಡೆಸುವುದೆಂದರೆ ಅದರ ಆಯಾಸವೇ ಬೇರೆ. ಮೊದಲ ಸುತ್ತು 12 ದೇಶಗಳಲ್ಲಿ ಮುಗಿದುದು 2001ರಲ್ಲಿ. 2021ರಿಂದ 2023ರವರೆಗೆ ನಡೆದ ಒಂಬತ್ತನೆಯ ಸುತ್ತಿನ ವೇಳೆಗೆ ದೇಶಗಳ ಸಂಖ್ಯೆ 39ಕ್ಕೇರಿದ್ದಿತು.

ಸಮೀಕ್ಷೆಯ ವಿಶ್ವಾಸಾರ್ಹತೆಯು ಅದರ ಫಲಿತಾಂಶಗಳಲ್ಲಿ ಅಲ್ಲ, ಉತ್ತರ ಕೊಡುವವನನ್ನು ಆರಿಸುವ ಕ್ರಮದಲ್ಲಿ ನೆಲೆಸಿದೆಯೆಂಬುದು ನನ್ನ ದೃಢವಾದ ಮತವಾದ್ದರಿಂದ ಆ ಕ್ರಮವನ್ನು ಕೊಂಚ ವಿವರವಾಗಿಯೇ ನಿರೂಪಿಸಬೇಕಾಗಿದೆ. ಸಾಮಾನ್ಯವಾಗಿ ಒಂದು ದೇಶದಲ್ಲಿ 1,200 ಮಂದಿ ವಯಸ್ಕರನ್ನು, ನೈಜೀರಿಯಾದಂತಹ ದೊಡ್ಡ ಅಥವಾ ಬಹುವಿಧ ಜನಾಂಗಗಳುಳ್ಳ ದೇಶದಲ್ಲಿ 2,400 ಮಂದಿಯನ್ನು ಸಂದರ್ಶಿಸುತ್ತಾರೆ. ಜನಗಣತಿಯ ವಲಯಗಳನ್ನು ಅವುಗಳ ಜನಸಂಖ್ಯೆಗೆ ಅನುಗುಣವಾಗಿ ಯಾದೃಚ್ಛಿಕವಾಗಿ ಆರಿಸಿ, ವಲಯಕ್ಕೆ ಎಂಟು ಮನೆಗಳಂತೆ ಹಂಚುತ್ತಾರೆ. ಮೇಲ್ವಿಚಾರಕನೊಡನೆ ನಾಲ್ವರು ಸಂದರ್ಶಕರು ಆ ವಲಯಕ್ಕೆ ಹೋಗಿ ಗೊತ್ತುಮಾಡಿದ ಒಂದು ಸ್ಥಳದಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಒಬ್ಬನು ಸೂರ್ಯನಿಗೆ ಅಭಿಮುಖವಾಗಿ, ಇನ್ನೊಬ್ಬನು ಸೂರ್ಯನಿಗೆ ಬೆನ್ನು ಮಾಡಿ, ಉಳಿದಿಬ್ಬರು ಎಡಬಲಗಳಿಗೆ ಹೊರಡುತ್ತಾರೆ. ಅಂದಿನ ದಿನಾಂಕದ ಅಂಕಿಗಳನ್ನು ಕೂಡಿಸಿ ಬಂದ ಮೊತ್ತವೇ ಮೊದಲ ಮನೆಯ ಸಂಖ್ಯೆ: ತಿಂಗಳಿನ 14ನೆಯ ದಿನವಾದರೆ ಐದನೆಯ ಮನೆ. ಆಮೇಲೆ ನಿಶ್ಚಿತವಾದ ಅಂತರವಿಟ್ಟು ಮುಂದಿನ ಮನೆಗೆ ಹೋಗಬೇಕು. ಮನೆಯೊಳಗೆ ಬಂದ ಮೇಲೂ ಎದುರಿಗೆ ಸಿಕ್ಕವರನ್ನು ಕೇಳುವಂತಿಲ್ಲ. ಒಂದು ಸಂದರ್ಶನಕ್ಕೆ ಪುರುಷ, ಮತ್ತೊಂದಕ್ಕೆ ಸ್ತ್ರೀ ಎಂಬ ಪರ್ಯಾಯ ನಿಯಮದಂತೆ ಆ ಮನೆಯ ವಯಸ್ಕರ ಹೆಸರುಗಳನ್ನು ಬರೆದು, ಅಂಕಿ ಬರೆದ ಚೀಟಿಗಳನ್ನು ಮಗುಚಿ ಹಿಡಿದು ಒಂದನ್ನು ಎತ್ತಿಸುತ್ತಿದ್ದರು. ಇತ್ತೀಚಿನ ಸುತ್ತುಗಳಲ್ಲಿ ಟ್ಯಾಬ್ಲೆಟ್ ಯಂತ್ರವೇ ಆ ಆಯ್ಕೆಯನ್ನು ಮಾಡುತ್ತದೆ. ಚೀಟಿಯು ಸೊಸೆಯ ಹೆಸರಿಗೆ ಬಿದ್ದರೆ ಮಾವನು ಅವಳ ಪರವಾಗಿ ಉತ್ತರ ಹೇಳಲಾಗದು. ಆಕೆಯು ಹೊಲಕ್ಕೆ ಹೋಗಿದ್ದರೆ ಮತ್ತೊಮ್ಮೆ ಬಂದು ಕಾಣಬೇಕು. ಊರಿನ ಹಿರಿಯನೊಬ್ಬನನ್ನು ಕೇಳಿ ಊರಿನ ಮಾತೆಂದು ಬರೆದುಕೊಂಡು ಹೋಗುತ್ತಿದ್ದ ಹಳೆಯ ಪರಿಪಾಠವನ್ನು ಬಲ್ಲವರಿಗೆ ಈ ಚೀಟಿಯೆತ್ತುವ ವಿಧಿಯು ಸಾಮಾನ್ಯವೆಂದು ತೋರಲಾರದು. ಆ ಗೃಹದಲ್ಲಿ ಎಂದೂ ಯಾರೂ ಅಭಿಪ್ರಾಯ ಕೇಳದಿದ್ದ ವ್ಯಕ್ತಿಯ ಮಾತಿಗೂ ಯಜಮಾನನ ಮಾತಿಗೂ ಅಲ್ಲಿ ಸರಿಸಮಾನವಾದ ತೂಕವಿದೆ.

ಪ್ರಶ್ನೆಗಳನ್ನು ದೇಶಭಾಷೆಗಳಿಗೆ ತಂದು, ಬೇರೊಬ್ಬರಿಂದ ಮೂಲಭಾಷೆಗೆ ಮರಳಿ ಅನುವಾದ ಮಾಡಿಸಿ ತಾಳೆ ನೋಡುತ್ತಾರೆ. ಕಳೆದ ಒಂದು ವರ್ಷದಲ್ಲಿ ಆಹಾರ, ನೀರು, ಔಷಧ, ಉರುವಲು, ನಗದು ಆದಾಯ ಇವುಗಳಿಲ್ಲದೆ ನಿಮ್ಮ ಮನೆಯವರು ಎಷ್ಟು ಸಲ ಕಳೆಯಬೇಕಾಯಿತು ಎಂಬ ಪ್ರಶ್ನೆಮಾಲೆಯೊಂದಿದೆ. ತಲಾ ಆದಾಯದ ಅಂಕಿಗಳು ಸೂಚಿಸಲಾರದ ಅಭಾವವು ಇಲ್ಲಿ ಅನುಭವಿಸಿದವರ ಬಾಯಿಂದಲೇ ದಾಖಲಾಗುತ್ತದೆ. ಸಂದರ್ಶನದ ಕೊನೆಯಲ್ಲಿ ಕೇಳುವ ಒಂದು ಪ್ರಶ್ನೆಯಂತೂ ವಿಶೇಷ ಗಮನಕ್ಕೆ ಅರ್ಹವಾದುದು: ನಮ್ಮನ್ನು ಇಲ್ಲಿಗೆ ಕಳುಹಿಸಿದವರು ಯಾರೆಂದು ನೀವು ಭಾವಿಸುತ್ತೀರಿ? ಸ್ವತಂತ್ರ ಸಂಸ್ಥೆಯೆಂದು ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರೂ, ಸರಕಾರವೇ ಕಳುಹಿಸಿತೆಂದು ಹೇಳುವವರು ಬಹುಮಂದಿ; ಹಾಗೆ ಭಾವಿಸಿದವರ ಉತ್ತರಗಳು ಅಧಿಕಾರಸ್ಥರಿಗೆ ತುಸು ಅನುಕೂಲವಾಗಿಯೇ ಇರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಗುಡಿಸಲು ತೆರಿಗೆಯ ಕಾಲದ ಭೀತಿಯು ಪೂರ್ಣವಾಗಿ ಅಳಿದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಜಿಂಬಾಬ್ವೆಯಲ್ಲಿ ಯಾವ ಪಕ್ಷಕ್ಕೆ ಮತ ಕೊಡುವಿರೆಂದು ಕೇಳಿದಾಗ ಅನೇಕರು ಅದು ತಮ್ಮ ಗುಟ್ಟೆಂದು ಹೇಳಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ಕಾಲಂ ಒಂದರಲ್ಲಿ ಗುರುತಿಸಿ ಪ್ರಕಟಿಸುವುದೂ ಸಮೀಕ್ಷೆಯ ಧರ್ಮವೇ.

ಇಷ್ಟೆಲ್ಲ ಪರಿಶ್ರಮದಿಂದ ದೊರೆತ ಅಂಕಿಗಳು ರಾಜ್ಯನೀತಿಯ ಮೇಲೆ ಪರಿಣಾಮ ಬೀರಿದುವೇ? ನೈಜೀರಿಯಾದ ಚರಿತ್ರೆಯು ಇಲ್ಲಿ ಹೆಚ್ಚು ಬೋಧಪ್ರದವಾಗಿದೆ. ಸೈನಿಕ ಆಡಳಿತವು 1999ರ ಮೇ ತಿಂಗಳಿನಲ್ಲಿ ಕೊನೆಗೊಂಡಿತು. 2000ದ ಆರಂಭದಲ್ಲಿ ನಡೆದ ಸಮೀಕ್ಷೆಯಲ್ಲಿ ಪ್ರಜಾಪ್ರಭುತ್ವದ ನಡೆಯು ತೃಪ್ತಿಕರವೆಂದವರು ಶೇಕಡ 84. ಮರುವರ್ಷ ಶೇಕಡ 57. 2003ರಲ್ಲಿ ಶೇಕಡ 35. ಇಷ್ಟು ಶೀಘ್ರವಾಗಿ ಕುಸಿದ ಆಶೆಯನ್ನು ಬೇರಾವ ಸಾಧನವೂ ಇಷ್ಟು ಸ್ಪಷ್ಟವಾಗಿ ತೋರಿಸಿಕೊಡಲಾರದು. ಆದರೂ ಜನರು ಅಸಂತೃಪ್ತರಾಗಿದ್ದರೇ ಹೊರತು ವಿವೇಕವನ್ನು ಕಳೆದುಕೊಂಡಿರಲಿಲ್ಲ. ಅಧ್ಯಕ್ಷ ಒಬಸಾಂಜೋ ಅವರು ಮೂರನೆಯ ಅವಧಿಗೆ ಮುಂದುವರಿಯುವಂತೆ ಸಂವಿಧಾನವನ್ನು ತಿದ್ದುವ ಯತ್ನ ನಡೆಯುತ್ತಿದ್ದಾಗ, ಅಧ್ಯಕ್ಷರಿಗೆ ಎರಡೇ ಅವಧಿಗಳು ಸಾಕೆಂಬುದು ಶೇಕಡ 80ಕ್ಕೂ ಮಿಗಿಲಾದ ಪ್ರಜೆಗಳ ಮತವೆಂಬ ಸಮೀಕ್ಷೆಯ ಫಲಿತಾಂಶ ಪ್ರಕಟವಾಯಿತು. 2006ರ ಮೇ ತಿಂಗಳಿನಲ್ಲಿ ಸೆನೆಟ್ ಸಭೆಯು ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಈ ನಿರ್ಣಯಕ್ಕೆ ಸಮೀಕ್ಷೆಯೊಂದೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಪಕ್ಷಗಳ ಒಳಜಗಳ, ಪತ್ರಿಕೆಗಳ ಪ್ರತಿಭಟನೆಗಳೂ ಅಲ್ಲಿದ್ದುವು. ಆದರೆ ಪ್ರಜೆಗಳ ಇಚ್ಛೆಯಂತೆಯೇ ತಿದ್ದುಪಡಿ ತರುತ್ತಿದ್ದೇವೆಂಬ ವಾದಕ್ಕೆ ಆ ಬಳಿಕ ಆಧಾರವುಳಿಯಲಿಲ್ಲ.

ಇದೇ ಕಾರಣದಿಂದ ಸಮೀಕ್ಷೆಗೆ ವಿರೋಧಿಗಳೂ ಹುಟ್ಟಿಕೊಂಡರು. ಟಾಂಜಾನಿಯಾದ ಟ್ವವೇಜಾ ಎಂಬ ಸಂಸ್ಥೆಯು ಸುಮಾರು 2,000 ಕುಟುಂಬಗಳನ್ನು ಆರಿಸಿ, ವಿದ್ಯುತ್ತಿಲ್ಲದ ಮನೆಯವರೂ ಹೊರಗುಳಿಯದಂತೆ ಮೊಬೈಲಿನೊಡನೆ ಸೌರಶಕ್ತಿಯ ಚಾರ್ಜರನ್ನೂ ಕೊಟ್ಟು, ಕಾಲಕಾಲಕ್ಕೆ ಕರೆ ಮಾಡಿ ನೀರು, ಶಾಲೆ, ಆಸ್ಪತ್ರೆಗಳ ಸ್ಥಿತಿಯನ್ನು ವಿಚಾರಿಸುವ ಯೋಜನೆಯನ್ನು 2013ರ ಸುಮಾರಿಗೆ ಆರಂಭಿಸಿತು. ಅದಕ್ಕೆ ಸ್ವಾಹಿಲಿಯಲ್ಲಿ ‘ಸೌತಿ ಜಾ ವನಾಂಚಿ’, ಎಂದರೆ ನಾಗರಿಕರ ದನಿ, ಎಂದು ಹೆಸರಿಟ್ಟರು. ಅಧ್ಯಕ್ಷ ಮಗುಫುಲಿಯವರ ಕಾರ್ಯವನ್ನು ಮೆಚ್ಚಿದವರು 2016ರಲ್ಲಿ ಶೇಕಡ 96 ಇದ್ದವರು 2018ರಲ್ಲಿ ಶೇಕಡ 55ಕ್ಕೆ ಇಳಿದರೆಂದು ಆ ಸಂಸ್ಥೆಯು ಪ್ರಕಟಿಸಿದೊಡನೆ, ಅನುಮತಿಯಿಲ್ಲದೆ ಸಂಶೋಧನೆ ನಡೆಸಿದುದೇಕೆಂದು ವಿವರಣೆ ಕೇಳುವ ಪತ್ರ ಬಂದಿತು; ಸಂಸ್ಥೆಯ ನಿರ್ದೇಶಕರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡರು. ಅದೇ ವರ್ಷ ಸರಕಾರಿ ಅಂಕಿಗಳಿಗೆ ವಿರುದ್ಧವಾದ ಅಂಕಿಗಳ ಪ್ರಕಟಣೆಯನ್ನು ಅಪರಾಧವೆಂದು ಕಾನೂನು ತಿದ್ದಲಾಯಿತು, ಮರುವರ್ಷ ಅದನ್ನು ಸಡಿಲಿಸಬೇಕಾಯಿತು. ಕೆನ್ಯಾದ ಪ್ರಸಂಗವು ಇದಕ್ಕಿಂತ ಜಟಿಲವಾದುದು. 2007ರ ಡಿಸೆಂಬರ್ ಚುನಾವಣೆಗೆ ಮೊದಲು ಹಲವು ಸಮೀಕ್ಷೆಗಳು ರೈಲಾ ಒಡಿಂಗಾ ಮುಂದಿರುವರೆಂದು ಹೇಳಿದ್ದುವು; ಮ್ವಾಯಿ ಕಿಬಾಕಿ ಗೆದ್ದರೆಂದು ಘೋಷಣೆಯಾಗಿ, ಭುಗಿಲೆದ್ದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2012ರಲ್ಲಿ ಆ ದೇಶವು ಚುನಾವಣಾ ಸಮೀಕ್ಷೆಗಳ ಪ್ರಕಟಣೆಯನ್ನು ನಿಯಂತ್ರಿಸುವ ಶಾಸನ ಮಾಡಿತು. ಸಮೀಕ್ಷೆಯ ವಿಧಾನವನ್ನು ಬಹಿರಂಗಪಡಿಸಬೇಕೆಂಬ ನಿರ್ಬಂಧವು ನ್ಯಾಯವಾದುದು. ಫಲಿತಾಂಶವು ಅಪ್ರಿಯವೆಂಬ ಕಾರಣಕ್ಕೆ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಇವೆರಡರ ನಡುವಣ ಗೆರೆಯನ್ನು ಶಾಸನಕರ್ತರು ಬೇಕೆಂದೇ ಮಸುಕುಗೊಳಿಸುವುದುಂಟು.

ಅತಿ ಗಹನವಾದ ಪ್ರಶ್ನೆಯು ಈಚಿನ ಸುತ್ತುಗಳಿಂದ ಉದ್ಭವಿಸಿದೆ. ಮೊದಲ ಸುತ್ತಿನಲ್ಲಿ ಪ್ರಜಾಪ್ರಭುತ್ವವೇ ಮೇಲೆಂದವರು ಶೇಕಡ 69 ಇದ್ದರೆ, ಒಂಬತ್ತನೆಯ ಸುತ್ತಿನಲ್ಲಿ ಶೇಕಡ 66. ದೇಶಗಳ ಪಟ್ಟಿ ಬೆಳೆದಿರುವುದರಿಂದ ಇವೆರಡನ್ನು ನೇರವಾಗಿ ಹೋಲಿಸುವುದು ಸಲ್ಲದು. ಒಂದೇ 30 ದೇಶಗಳನ್ನು ಹತ್ತು ವರ್ಷಗಳ ಅಂತರದಲ್ಲಿ ಹೋಲಿಸಿದಾಗ ಈ ಬೆಂಬಲವು ಶೇಕಡ 7 ಅಂಶಗಳಷ್ಟು ತಗ್ಗಿರುವುದು, ದಕ್ಷಿಣ ಆಫ್ರಿಕಾದಲ್ಲಿ 29 ಮತ್ತು ಮಾಲಿಯಲ್ಲಿ 23 ಅಂಶಗಳಷ್ಟು ಕುಸಿದಿರುವುದು ಕಂಡುಬಂದಿತು. ಚುನಾಯಿತ ನಾಯಕರು ಅಧಿಕಾರವನ್ನು ಸ್ವಾರ್ಥಕ್ಕೆ ಬಳಸಿಕೊಂಡರೆ ಸೈನ್ಯವು ಅಧಿಕಾರ ವಹಿಸಿಕೊಳ್ಳಬಹುದೆಂದವರು 39 ದೇಶಗಳಲ್ಲಿ ಸರಾಸರಿ ಶೇಕಡ 53. ಮಾಲಿಯಲ್ಲಿ 2020ರಲ್ಲಿಯೂ 2021ರಲ್ಲಿಯೂ ನಡೆದ ಸೇನಾ ಕ್ಷಿಪ್ರಕ್ರಾಂತಿಗಳ ಹಿನ್ನೆಲೆಯಲ್ಲಿ ಈ ಅಂಕಿಯನ್ನು ಓದಿದವರು, ಆಫ್ರಿಕಾದ ಜನರಿಗೆ ಪ್ರಜಾಪ್ರಭುತ್ವವೇ ಬೇಡವಾಗಿದೆಯೆಂದು ತೀರ್ಮಾನಿಸಿಬಿಡುವುದುಂಟು. ಅದು ತಪ್ಪು ತೀರ್ಮಾನ. ಅದೇ ಜನರು ಅದೇ ಸಂದರ್ಶನದಲ್ಲಿ ಏಕಪಕ್ಷದ ಆಡಳಿತವನ್ನೂ ಏಕವ್ಯಕ್ತಿಯ ಆಡಳಿತವನ್ನೂ ಬಹುಮತದಿಂದ ತಿರಸ್ಕರಿಸಿದ್ದಾರೆ. ಚುನಾಯಿತರು ಕೈಕೊಟ್ಟಾಗ ದಿಕ್ಕು ಕಾಣದವರ ಆಕ್ರೋಶವನ್ನು ಸೈನಿಕನ ಮೇಲಿನ ಪ್ರೀತಿಯೆಂದು ಓದಲಾಗದು; ಇಡೀ ಪ್ರಶ್ನಾವಳಿಯನ್ನು ಬಿಟ್ಟು ಒಂದು ಅಂಕಿಯನ್ನು ಕಿತ್ತುಕೊಂಡವರಿಂದ ಸಮೀಕ್ಷೆಗೆ ಆಗುವ ಅಪಚಾರವು ಅದನ್ನು ನಿಷೇಧಿಸುವವರಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ.

ಕೊರತೆಗಳೂ ಉಂಟು. ಜನಗಣತಿಯೇ ಸಮೀಕ್ಷೆಯ ತಳಪಾಯ. ನೈಜೀರಿಯಾದ ಕಡೆಯ ಜನಗಣತಿ ನಡೆದುದು 2006ರಲ್ಲಿ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು 1984ರಲ್ಲಿ. ಯುದ್ಧ ನಡೆಯುತ್ತಿರುವ ಪ್ರಾಂತಗಳಿಗೆ ಸಂದರ್ಶಕರು ಹೋಗಲಾರರಾದ್ದರಿಂದ, ಯಾರ ಅಳಲನ್ನು ಮೊದಲು ಕೇಳಬೇಕೋ ಅವರೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಇವೆಲ್ಲಕ್ಕಿಂತ ಮಿಗಿಲಾದುದು ಧನದ ಪ್ರಶ್ನೆ. ಈ ಉದ್ಯಮವು ಇಂದಿನವರೆಗೆ ಬಹುತರವಾಗಿ ಸ್ವೀಡನ್, ಅಮೆರಿಕ ಮೊದಲಾದ ದೇಶಗಳ ನೆರವಿನಿಂದ ನಡೆದಿದೆ. 2025ರಲ್ಲಿ ಅಮೆರಿಕವು ತನ್ನ ವಿದೇಶೀ ನೆರವನ್ನು ಹಿಂತೆಗೆದುಕೊಂಡಾಗ, 1984ರಿಂದ ನಡೆದುಬಂದಿದ್ದ ಜನಸಂಖ್ಯಾ-ಆರೋಗ್ಯ ಸಮೀಕ್ಷೆಯ ಕಾರ್ಯಕ್ರಮವು ಹಠಾತ್ತನೆ ಸ್ತಬ್ಧವಾಯಿತು. ಪ್ರಜೆಗಳ ಅಭಿಪ್ರಾಯವನ್ನು ಕೇಳುವ ವೆಚ್ಚವನ್ನು ಆಯಾ ದೇಶಗಳ ವಿಶ್ವವಿದ್ಯಾಲಯಗಳೂ ಶಾಸನಸಭೆಗಳೂ, ಸಂಶೋಧಕರ ಸ್ವಾತಂತ್ರ್ಯಕ್ಕೆ ಕುಂದು ಬಾರದ ರೀತಿಯಲ್ಲಿ, ತಾವೇ ವಹಿಸಿಕೊಳ್ಳುವ ಕಾಲ ಬಂದಿದೆ.

ಆಫ್ರೋಬ್ಯಾರೋಮೀಟರ್ ಸಂಗ್ರಹಿಸಿದ ದತ್ತಾಂಶವೆಲ್ಲವೂ ನಿಗದಿಯಾದ ಅವಧಿ ಕಳೆದ ಬಳಿಕ ಸಾರ್ವಜನಿಕರಿಗೆ ಉಚಿತವಾಗಿ ದೊರೆಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ತೆರೆದು ನೋಡಿ, ದೆಹಲಿಯ ಲೋಕನೀತಿ ಸಂಸ್ಥೆಯು ನಮ್ಮ ದೇಶದ ಮತದಾರರಿಂದ ಸಂಗ್ರಹಿಸಿರುವ ಅಭಿಪ್ರಾಯಗಳೊಡನೆ ಹೋಲಿಸಿ, ಕನ್ನಡದಲ್ಲಿ ಬರೆಯಲೆಂದು ಪ್ರಾರ್ಥಿಸುತ್ತೇನೆ.